ಕೊಳದಿಂದ ಕೊಳಕ್ಕೆ: ಮೊಗಲ್ ಉದ್ಯಾನಗಳಲ್ಲಿ ನೀರಿನ ಇಳಿಜಾರು

ಮೊಗಲ್ ಉದ್ಯಾನಗಳ ವಿಚಾರ ಬಂದಾಗ ಮಂಟಪಗಳ ಶಿಲ್ಪ, ಚೌಕಗಳ ವಿನ್ಯಾಸ, ಕಾರಂಜಿಗಳ ಸಂಖ್ಯೆ ಇವುಗಳ ವರ್ಣನೆ ವಿಪುಲವಾಗಿ ದೊರೆಯುತ್ತದೆ. ಆ ಮಂಟಪಗಳ ನಡುವೆ ಒಂದು ಕೊಳದಿಂದ ಮತ್ತೊಂದು ಕೊಳಕ್ಕೆ ನೀರು ಹರಿಯುವಂತೆ ನೆಲವನ್ನು ಎಷ್ಟು ಇಳಿಸಿದರು, ಆ ಇಳಿತವನ್ನು ಎಲ್ಲಿ ಮರೆಮಾಡಿದರು, ಎಲ್ಲಿ ಎತ್ತಿ ತೋರಿದರು, ನೀರನ್ನು ಎಲ್ಲಿಂದ ತಂದರು ಎಂಬ ಪ್ರಶ್ನೆಗಳು ಮಾತ್ರ ಬಹುಮಟ್ಟಿಗೆ ಸ್ಥಪತಿಗಳ ಪಾಲಿಗೆ ಉಳಿದುಬಿಡುತ್ತವೆ. ಆದರೆ ಈ ಉದ್ಯಾನಗಳ ಹುಟ್ಟು, ಏಳಿಗೆ, ಅಳಿವು ಮೂರನ್ನೂ ತಿಳಿಯಬೇಕಾದರೆ ಹಿಡಿಯಬೇಕಾದ ಸೂತ್ರ ಇದೇ. ಗಿಡ ಸತ್ತರೆ ಮತ್ತೆ ನೆಡಬಹುದು. ಮಂಟಪ ಬಿದ್ದರೆ ಮತ್ತೆ ಕಟ್ಟಬಹುದು. ನೀರಿನ ದಾರಿ ತಪ್ಪಿದರೆ ಉದ್ಯಾನವು ಉದ್ಯಾನವಾಗಿ ಉಳಿಯುವುದಿಲ್ಲ.

ಕನ್ನಡ ನಾಡಿನ ಕೆರೆಗಳ ಕ್ರಮವನ್ನು ಬಲ್ಲವರಿಗೆ ಈ ವಿಷಯ ತೀರ ಹೊಸದಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುವುದು, ಅದು ತುಂಬಿದ ಮೇಲೆ ಅದರ ಕೆಳಗಿನದಕ್ಕೆ ಹರಿಯುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ಅಲ್ಲಿ ನೀರು ಬೆಳೆಗಾಗಿ ನಡೆಯುತ್ತದೆ; ಉದ್ಯಾನದಲ್ಲಿ ಕಣ್ಣಿಗಾಗಿ, ಕಿವಿಗಾಗಿ, ಮೈಯ ತಂಪಿಗಾಗಿ ನಡೆಯುತ್ತದೆ. ಪ್ರಯೋಜನ ಬೇರೆಯಾದರೂ ನೀರು ಪಾಲಿಸುವ ನಿಯಮ ಒಂದೇ.

ಆ ನಿಯಮವನ್ನು ಮೊದಲು ಗಮನಿಸಬೇಕು. ಕಾಲುವೆಯ ಬಾಯಿಗೆ ಬರುವ ನೀರಿನ ಪ್ರಮಾಣ ಒಂದೇ ಆಗಿದ್ದರೆ, ಇಳಿಜಾರು ಹೆಚ್ಚಿದಂತೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಆಳ ಕಡಮೆಯಾಗುತ್ತದೆ. ಕಡಿದಾದ ಕಾಲುವೆಯಲ್ಲಿ ನೀರು ತಳಕ್ಕೆ ಅಂಟಿಕೊಂಡು ಓಡಿಹೋಗುವುದರಿಂದ ತಳದ ಕಲ್ಲೇ ಕಣ್ಣಿಗೆ ಬೀಳುತ್ತದೆ. ಅಷ್ಟೇ ನೀರನ್ನು ಮಂದವಾದ ಇಳಿಜಾರಿನಲ್ಲಿ ಬಿಟ್ಟರೆ ಅದು ದಡದಿಂದ ದಡಕ್ಕೆ ತುಂಬಿ, ಆಕಾಶವನ್ನು ಪ್ರತಿಬಿಂಬಿಸುತ್ತ ನಿಧಾನವಾಗಿ ಸಾಗುತ್ತದೆ. ಅಲ್ಪವಾದ ನೀರನ್ನು ಸಮೃದ್ಧವಾಗಿ ತೋರಿಸುವ ಉಪಾಯ ಇದು. ಆದರೆ ಇಳಿಜಾರು ಅತಿಯಾಗಿ ಕಡಮೆಯಾದರೆ ಹೂಳು ತಳದಲ್ಲಿ ಕೂತು, ಪಾಚಿ ಬೆಳೆದು, ನೀರು ನಾರತೊಡಗುತ್ತದೆ. ಇನ್ನೊಂದು ಸಂಗತಿಯೂ ಉಂಟು. ಒಳಹರಿವು ನಿಂತ ಕ್ಷಣವೇ ಕಡಿದಾದ ಕಾಲುವೆ ಬರಿದಾಗುತ್ತದೆ. ಸಮತಟ್ಟಾದ ಕಾಲುವೆಯ ತುದಿಯಲ್ಲಿ ಒಂದು ಕಲ್ಲಿನ ಹೊಸ್ತಿಲನ್ನು ಇಟ್ಟಿದ್ದರೆ ಆ ಹೊಸ್ತಿಲ ಮಟ್ಟದವರೆಗೆ ನೀರು ನಿಂತಿರುತ್ತದೆ. ಆದಕಾರಣ ಜಾಣನಾದ ಸ್ಥಪತಿಯು ಇಡೀ ನೆಲವನ್ನು ಒಂದೇ ಸಮನೆ ಜಾರಿಸುವುದಿಲ್ಲ. ಉದ್ದಕ್ಕೂ ಬಹುತೇಕ ಮಟ್ಟವಾದ ಕಾಲುವೆಗಳನ್ನು ಇಟ್ಟು, ಇಳಿತವನ್ನೆಲ್ಲ ಕೆಲವೇ ಜಾಗಗಳಲ್ಲಿ ಒಟ್ಟುಗೂಡಿಸಿ, ಅಲ್ಲಿ ನೀರನ್ನು ಧುಮುಕಿಸುತ್ತಾನೆ. ಮೊಗಲ್ ಉದ್ಯಾನದ ಜಲವಿನ್ಯಾಸದ ತಿರುಳು ಇಷ್ಟೇ. ಈ ತಿರುಳನ್ನು ಬೆಟ್ಟದ ನಾಡಿನಿಂದ ಬಯಲಿಗೆ ತರಲು ಆ ಅರಸರು ಪಟ್ಟ ಪಾಡೇ ಅವರ ಉದ್ಯಾನಗಳ ಚರಿತ್ರೆ.

ಆ ಚರಿತ್ರೆ ಬಾಬರನಿಂದ ಮೊದಲಾಗುತ್ತದೆ. ಕಾಬೂಲಿನ ಉತ್ತರಕ್ಕಿರುವ ಇಸ್ತಾಲಿಫಿನಲ್ಲಿ ಒಂದು ದೊಡ್ಡ ತೋಟವಿತ್ತು. ಅವನಿಗೆ ಹಿಂದೆ ಕಾಬೂಲನ್ನು ಆಳಿದ ಉಲೂಗ್ ಬೇಗ್ ಮಿರ್ಜಾ ಅದನ್ನು ಒಡೆಯರಿಂದ ಬಲಾತ್ಕಾರವಾಗಿ ಕಿತ್ತುಕೊಂಡಿದ್ದನೆಂದೂ, ತಾನು ಅವರಿಗೆ ಬೆಲೆ ಕೊಟ್ಟು ಪಡೆದೆನೆಂದೂ ಬಾಬರ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದರ ನಡುವೆ ಒಂದು ಹಿಟ್ಟಿನ ಗಿರಣಿಯನ್ನು ತಿರುಗಿಸಬಲ್ಲಷ್ಟು ನೀರಿನ ತೊರೆ ಸದಾ ಹರಿಯುತ್ತಿತ್ತು. ಅಂಕುಡೊಂಕಾಗಿದ್ದ ಆ ತೊರೆಯನ್ನು ಅವನು ನೆಟ್ಟಗೆ ಮಾಡಿಸಿದನು. ಆಮೇಲೆ ಸ್ಥಳ ಬಹಳ ಚೆಲುವಾಯಿತೆಂದು ತೃಪ್ತಿಪಟ್ಟನು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ನೀರಾಗಲಿ ಇಳಿಜಾರಾಗಲಿ ಅವನು ತಂದುದಲ್ಲ. ಹಿಂದೂಕುಷ್ ಪರ್ವತದ ಹಿಮವೂ ಬೆಟ್ಟದ ತಪ್ಪಲೂ ಅವೆರಡನ್ನೂ ಒದಗಿಸಿದ್ದುವು. ಅರಸನಿಗೆ ಉಳಿದ ಕೆಲಸ ದಾರಿಯನ್ನು ತಿದ್ದುವುದಷ್ಟೇ.

1526ರ ಏಪ್ರಿಲಿನಲ್ಲಿ ಪಾಣಿಪತ್ತಿನ ಕದನವನ್ನು ಗೆದ್ದು ಆಗ್ರಾ ಸೇರಿದಾಗ ಈ ಅನುಕೂಲ ತಪ್ಪಿಹೋಯಿತು. ಹಿಂದುಸ್ತಾನದ ದೊಡ್ಡ ಕೊರತೆಗಳಲ್ಲಿ ಹರಿವ ನೀರಿಲ್ಲದಿರುವುದು ಒಂದೆಂದು ಬಾಬರನಿಗೆ ಅನ್ನಿಸಿತು. ತಾನು ನೆಲಸುವ ಕಡೆಗಳಲ್ಲೆಲ್ಲ ನೀರೆತ್ತುವ ಗಾಲಿಗಳನ್ನು ಹೂಡಿ ನೀರು ಹರಿಸಬೇಕು, ನೆಲವನ್ನು ಕ್ರಮವಾಗಿ ವಿಭಾಗಿಸಬೇಕು ಎಂದು ಅವನು ನಿಶ್ಚಯಿಸಿದನು. ಯಮುನೆಯ ಆಚೆಯ ದಡದಲ್ಲಿ ಜಾಗ ಹುಡುಕಿಸಿದನು. ನೆಲ ಕಂಡು ಜಿಗುಪ್ಸೆಯಾಯಿತಾದರೂ ಬೇರೆ ಗತಿಯಿಲ್ಲದೆ ಅಲ್ಲಿಯೇ ಬಾವಿ ತೋಡಿಸಿ, ಸ್ನಾನಗೃಹ ಕಟ್ಟಿಸಿ, ಕೊಳ ಮಾಡಿಸಿ, ಉದ್ಯಾನ ಹಾಕಿಸಿದನು. ಇಂಥ ಅಚ್ಚುಕಟ್ಟಾದ ರಚನೆಯನ್ನು ಹಿಂದೆ ಕಂಡಿರದ ಊರವರು ನದಿಯ ಆ ದಡಕ್ಕೆ ‘ಕಾಬೂಲ್’ ಎಂದೇ ಹೆಸರಿಟ್ಟರು.

ನೀರೆತ್ತುವ ಪದ್ಧತಿಗಳನ್ನು ಬಾಬರ್ ಎಷ್ಟು ಕುತೂಹಲದಿಂದ ನೋಡಿದನೆಂಬುದು ಅವನ ಬರಹದಿಂದಲೇ ತಿಳಿಯುತ್ತದೆ. ಲಾಹೋರ್, ಸರ್ಹಿಂದ್ ಕಡೆಗಳಲ್ಲಿ ಮಡಕೆಗಳ ಸರವನ್ನು ಕಟ್ಟಿದ ಗಾಲಿಯನ್ನು ಎತ್ತುಗಳಿಂದ ತಿರುಗಿಸುವುದನ್ನು ಅವನು ಬಣ್ಣಿಸಿದ್ದಾನೆ. ಆಗ್ರಾ, ಬಯಾನಾ ಕಡೆಗಳಲ್ಲಿ ಕಂಡದ್ದು ದೊಡ್ಡ ತೊಗಲ ಚೀಲಕ್ಕೆ ಹಗ್ಗ ಕಟ್ಟಿ ಎತ್ತಿನಿಂದ ಎಳೆಯಿಸುವ ವಿಧಾನ. ಅಂದರೆ ನಮ್ಮ ಹಳ್ಳಿಗಳ ಕಪಿಲೆಯದೇ ಜಾತಿ. ಇದು ಶ್ರಮದ ಕೆಲಸವೂ ಕೊಳಕಾದ ಕೆಲಸವೂ ಹೌದೆಂದು ಅವನು ಮೂಗು ಮುರಿದಿದ್ದಾನೆ. ಎತ್ತು ನಡೆಯುವ ದಾರಿಯ ಸಗಣಿ ಗಂಜಲಗಳಲ್ಲಿ ಹೊರಳಿದ ಹಗ್ಗವೇ ಮತ್ತೆ ಬಾವಿಗೆ ಇಳಿಯುತ್ತದೆಂಬುದು ಅವನ ಆಕ್ಷೇಪ. ಸಾಮ್ರಾಜ್ಯ ಸ್ಥಾಪಿಸಲು ಬಂದವನು ಬಾವಿಯ ಹಗ್ಗದ ಶುಚಿಯನ್ನು ಕುರಿತು ಬರೆಯುವಾಗ, ಬಯಲಿನಲ್ಲಿ ಇಳಿಜಾರು ಎಷ್ಟು ದುಬಾರಿಯಾದ ವಸ್ತುವೆಂಬುದನ್ನು ಅವನು ಕಂಡುಕೊಂಡಿದ್ದನೆಂದೇ ಹೇಳಬೇಕು. ಬೆಟ್ಟದಲ್ಲಿ ನೀರು ತಾನಾಗಿ ಇಳಿಯುತ್ತದೆ. ಬಯಲಿನಲ್ಲಿ ಅದನ್ನು ಮೊದಲು ಏರಿಸಿ, ಏರಿಸಿದ ಎತ್ತರವನ್ನು ಅಂಗುಲ ಅಂಗುಲವಾಗಿ ವೆಚ್ಚಮಾಡಬೇಕು.

ಆ ಮಿತವ್ಯಯಕ್ಕೆ ನಿದರ್ಶನ ಧೋಲ್‌ಪುರದ ಕಮಲೋದ್ಯಾನ. 1527ರಲ್ಲಿ ಬಾಬರ್ ಅಲ್ಲಿನ ಕೆಂಪು ಮರಳುಗಲ್ಲಿನ ಬಂಡೆಯನ್ನು ಕಂಡು, ಅದರಲ್ಲಿ ಕೊಳವನ್ನು ಕೊರೆಯುವಂತೆ ಕಲ್ಲುಕುಟಿಗ ಉಸ್ತಾದ್ ಷಾ ಮಹಮ್ಮದನಿಗೆ ಅಪ್ಪಣೆಯಿತ್ತನು. ಮುಂದೆ ಶತಮಾನಗಳ ಕಾಲ ಈ ಉದ್ಯಾನದ ನೆಲೆ ವಿದ್ವಾಂಸರಿಗೆ ತಿಳಿದಿರಲಿಲ್ಲ. 1978ರಲ್ಲಿ ಅಮೆರಿಕದ ಎಲಿಜಬೆತ್ ಮೊಯ್ನಿಹಾನ್ ಎಂಬ ವಿದುಷಿ ಆತ್ಮಕಥೆಯ ಸೂಚನೆಗಳನ್ನು ಅನುಸರಿಸಿ, ಧೋಲ್‌ಪುರದ ಸಮೀಪದ ಝೋರ್ ಎಂಬ ಹಳ್ಳಿಯಲ್ಲಿ ಅದರ ಅವಶೇಷಗಳನ್ನು ಗುರುತಿಸಿದರು. ಕಮಲದ ಆಕಾರದಲ್ಲಿ ಕೊರೆದ ಕೊಳಗಳು, ಅವನ್ನು ಜೋಡಿಸುವ ಕಿರುಗಾಲುವೆಗಳು ಬಂಡೆಯಲ್ಲಿಯೇ ಉಳಿದಿದ್ದುವು. ಮಣ್ಣಿನಲ್ಲಿ ತೋಡಿದ ಕಾಲುವೆ ಕುಸಿಯಬಹುದು, ನೀರನ್ನು ಕುಡಿದುಬಿಡಬಹುದು. ಬಂಡೆಯಲ್ಲಿ ಒಮ್ಮೆ ಕೊರೆದ ಇಳಿಜಾರು ಅಲ್ಲಾಡುವುದಿಲ್ಲ. ಕೈಯಿಂದ ಎತ್ತಿದ ನೀರಿನ ಒಂದು ಹನಿಯೂ ವ್ಯರ್ಥವಾಗದಂತೆ ನೋಡಿಕೊಳ್ಳಲು ಇದಕ್ಕಿಂತ ಭದ್ರವಾದ ಏರ್ಪಾಡು ಇರಲಾರದು.

ಬಾಬರನ ಮೊಮ್ಮಗ ಅಕ್ಬರನು 1586ರಲ್ಲಿ ಕಾಶ್ಮೀರವನ್ನು ವಶಪಡಿಸಿಕೊಂಡ ಮೇಲೆ ಮೊಗಲರಿಗೆ ಮತ್ತೆ ಬೆಟ್ಟದ ಇಳಿಜಾರು ದೊರೆಯಿತು. 1619ರ ಸುಮಾರಿಗೆ ಜಹಾಂಗೀರನು ದಾಲ್ ಸರೋವರದ ಸಮೀಪದಲ್ಲಿ ಒಂದು ತೊರೆಗೆ ಕಟ್ಟೆ ಹಾಕಿಸಿ ಉದ್ಯಾನ ನಿರ್ಮಿಸುವಂತೆ ರಾಜಕುಮಾರ ಖುರ್ರಮನಿಗೆ ಆಜ್ಞಾಪಿಸಿದನು. ಅದೇ ಶಾಲಿಮಾರ್. ಖುರ್ರಮನು ಷಾಜಹಾನನೆಂಬ ಹೆಸರಿನಿಂದ ಪಟ್ಟವೇರಿದ ಮೇಲೆ ಅಲ್ಲಿನ ಸುಬೇದಾರ ಜಫರ್ ಖಾನನು ಅದನ್ನು ವಿಸ್ತರಿಸಿದನು. ಇಲ್ಲಿ ನೆಲದ ಇಳಿಜಾರು ಸೌಮ್ಯವಾದುದು. ಕಾಲುವೆ ಮೇಲಿನ ಅಂತಸ್ತಿನಿಂದ ಕೆಳಗಿನದಕ್ಕೆ ಕೊಳಗಳ ಮೂಲಕ ಇಳಿದುಬರುತ್ತದೆ. ನೀರು ಧುಮುಕುವ ಗೋಡೆಯಲ್ಲಿ ಸಾಲುಸಾಲಾಗಿ ಗೂಡುಗಳಿವೆ. ಅವುಗಳಲ್ಲಿ ಹಗಲು ಹೂಗಳನ್ನೂ ರಾತ್ರಿ ದೀಪಗಳನ್ನೂ ಇಡುತ್ತಿದ್ದರು. ನೀರಿನ ತೆರೆಯ ಹಿಂದಿನಿಂದ ಅವು ಕಾಣುತ್ತಿದ್ದುವು.

ಹತ್ತಿರದ ನಿಶಾತ್ ಉದ್ಯಾನದ ಸ್ವಭಾವ ಬೇರೆ. ನೂರ್‌ಜಹಾನಳ ಅಣ್ಣ ಆಸಫ್ ಖಾನನು ಮಾಡಿಸಿದ ಈ ಉದ್ಯಾನಕ್ಕೆ ದೊರೆತ ನೆಲ ಕಡಿದಾದುದು. ಆದುದರಿಂದ ಅಂತಸ್ತುಗಳು ಹನ್ನೆರಡಾದುವು. ಎತ್ತರದಿಂದ ತಗ್ಗಿಗೆ ನೀರು ಇಳಿಯಬೇಕಾದಲ್ಲಿ ಓರೆಯಾಗಿ ನಿಲ್ಲಿಸಿದ ಕೆತ್ತನೆಯ ಚಪ್ಪಡಿಗಳನ್ನು ಬಳಸುತ್ತಿದ್ದರು. ಇದಕ್ಕೆ ‘ಚಾದರ್’ ಎಂದು ಹೆಸರು. ನುಣುಪಾದ ಚಪ್ಪಡಿಯ ಮೇಲೆ ನೀರು ಗಾಜಿನಂತೆ ಸದ್ದಿಲ್ಲದೆ ಜಾರಿಹೋಗುತ್ತದೆ. ಮೀನಿನ ಹುರುಪೆಯಂತೆಯೋ ಅಲೆಯಂತೆಯೋ ಕೆತ್ತಿದ ಚಪ್ಪಡಿಯ ಮೇಲಾದರೆ ಒಂದೊಂದು ಅಂಚಿಗೂ ಮುರಿದು, ಗಾಳಿಯನ್ನು ಕೂಡಿಸಿಕೊಂಡು, ಬೆಳ್ಳಗೆ ನೊರೆಗಟ್ಟಿ ಸದ್ದುಮಾಡುತ್ತದೆ. ಮಟ್ಟವಾದ ಕಾಲುವೆಯಲ್ಲಿ ಶಾಂತಿ, ಚಾದರಿನಲ್ಲಿ ಗದ್ದಲ, ಕೆಳಗಿನ ಕೊಳದಲ್ಲಿ ಮತ್ತೆ ಶಾಂತಿ. ಈ ಸರದಿಯೇ ಉದ್ಯಾನದಲ್ಲಿ ನಡೆಯುವವನ ಹೆಜ್ಜೆಗೆ ಲಯವನ್ನು ಕೊಡುತ್ತಿತ್ತು.

ನಿಶಾತಿನ ವಿಷಯದಲ್ಲಿ ಪ್ರಚಲಿತವಾದ ಒಂದು ಐತಿಹ್ಯವುಂಟು. ಷಾಜಹಾನನು ಅದರ ಚೆಲುವನ್ನು ಮತ್ತೆ ಮತ್ತೆ ಹೊಗಳಿದರೂ, ತನಗೆ ಅರ್ಪಿಸಲೆಂಬ ಆ ಇಂಗಿತವನ್ನು ಮಾವನಾದ ಆಸಫ್ ಖಾನನು ತಿಳಿಯದಂತೆ ನಟಿಸಿದನಂತೆ. ಎರಡು ಉದ್ಯಾನಗಳಿಗೂ ನೀರು ಬರುತ್ತಿದ್ದುದು ಒಂದೇ ತೊರೆಯಿಂದ. ಮುನಿದ ಚಕ್ರವರ್ತಿ ನಿಶಾತಿಗೆ ನೀರು ನಿಲ್ಲಿಸಿಬಿಟ್ಟನು. ಕಾಲುವೆಗಳು ಒಣಗಿದುವು. ಒಡೆಯನ ದುಃಖವನ್ನು ನೋಡಲಾರದೆ ಸೇವಕನೊಬ್ಬನು ಗುಟ್ಟಾಗಿ ನೀರು ಬಿಟ್ಟನು. ಅವನ ನಿಷ್ಠೆಗೆ ಮೆಚ್ಚಿ ಚಕ್ರವರ್ತಿ ನೀರಿನ ಹಕ್ಕನ್ನು ಮರಳಿ ಕೊಟ್ಟನೆಂದು ಕಥೆ ಮುಗಿಯುತ್ತದೆ. ಇದು ನಡೆದುದೋ ಕಟ್ಟಿದ ಕಥೆಯೋ, ಅದರ ತಾತ್ಪರ್ಯ ಮಾತ್ರ ನಿಜ. ಹನ್ನೆರಡು ಅಂತಸ್ತುಗಳ ಒಡೆತನಕ್ಕಿಂತ ಮೇಲ್ಗಡೆಯ ಒಂದು ತೂಬಿನ ಒಡೆತನ ದೊಡ್ಡದು.

ಬಯಲಿನಲ್ಲಿ ಈ ಕಲೆ ಯಾವ ಸೂಕ್ಷ್ಮತೆಯನ್ನು ಮುಟ್ಟಿತೆಂಬುದನ್ನು ದೆಹಲಿಯ ಹುಮಾಯೂನನ ಸಮಾಧಿಯ ಉದ್ಯಾನದಲ್ಲಿ ಕಾಣಬಹುದು. ಹುಮಾಯೂನನ ವಿಧವೆ ಬೇಗಾ ಬೇಗಮಳ ಆಶ್ರಯದಲ್ಲಿ, ಮೀರಕ್ ಮಿರ್ಜಾ ಗಿಯಾಸನೆಂಬ ಸ್ಥಪತಿಯ ಯೋಜನೆಯಂತೆ, 16ನೆಯ ಶತಮಾನದ ಏಳನೆಯ ದಶಕದಲ್ಲಿ ಇದರ ಕೆಲಸ ನಡೆಯಿತು. ಇಲ್ಲಿ ಧುಮುಕುವ ನೀರಿನ ಆರ್ಭಟ ಇಲ್ಲ. ಚೌಕ ಚೌಕಗಳ ನಡುವೆ ಒಂದು ದಾಪಿನಲ್ಲಿ ದಾಟಬಹುದಾದ ಕಿರುಗಾಲುವೆಗಳು ಹಾದು, ಅವು ಸಂಧಿಸುವಲ್ಲಿ ಸಣ್ಣ ಕೊಳಗಳಾಗಿವೆ. ಇತ್ತೀಚಿನ ಜೀರ್ಣೋದ್ಧಾರದಲ್ಲಿ ಈ ಕಾಲುವೆಗಳನ್ನು ಮತ್ತೆ ಹಾಸಿದಾಗ ಪಾಲಿಸಿದ ಇಳಿಜಾರು 40 ಮೀಟರಿಗೆ 1 ಸೆಂಟಿಮೀಟರ್. ಅಂದರೆ 4000ಕ್ಕೆ 1. ನೂರು ಮೀಟರ್ ನಡೆದರೂ ನೆಲ ಎರಡೂವರೆ ಸೆಂಟಿಮೀಟರ್ ಮಾತ್ರ ತಗ್ಗುತ್ತದೆ. ಕಣ್ಣಿಗೆ ಇದು ಇಳಿಜಾರೇ ಅಲ್ಲ; ನೀರಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕಲ್ಲು ಬೆರಳಿನ ದಪ್ಪದಷ್ಟು ಮೇಲೆದ್ದರೂ ಕುಸಿದರೂ ಹತ್ತಾರು ಮೀಟರುಗಳ ಲೆಕ್ಕ ಕೆಡುತ್ತದೆ. ಇಂಥ ಕೆಲಸದಲ್ಲಿ ಕಟ್ಟಕಡೆಯ ಪರೀಕ್ಷೆ ನೀರಿನದೇ. ಹರಿಸಿ ನೋಡಿದಾಗ ಅದು ಎಲ್ಲಿ ನಿಲ್ಲುವುದೋ ಅಲ್ಲಿ ತಪ್ಪಿದೆ. ನೀರಿಗಿಂತ ನಂಬಿಕೆಯ ರಸಮಟ್ಟ ಬೇರೊಂದಿಲ್ಲ.

ಷಾಜಹಾನನ ಕಾಲಕ್ಕೆ ಬಯಲಿನ ಉದ್ಯಾನಗಳ ಆಸೆ ಬೆಳೆದು, ಕಪಿಲೆಗಳ ನೀರು ಎಲ್ಲೆಡೆಯೂ ಸಾಲದಾಯಿತು. ಲಾಹೋರಿನ ಶಾಲಿಮಾರ್ ಉದ್ಯಾನದ ಕೆಲಸ 1641ರಲ್ಲಿ ಪ್ರಾರಂಭವಾಗಿ ಮರುವರ್ಷವೇ ಮುಗಿಯಿತು. ಮೂರು ಅಂತಸ್ತುಗಳು, ಒಂದರಿಂದ ಇನ್ನೊಂದಕ್ಕೆ ನಾಲ್ಕೈದು ಮೀಟರುಗಳ ಇಳಿತ, ಒಟ್ಟು 410 ಕಾರಂಜಿಗಳು. ಚಪ್ಪಟೆಯಾದ ಪಂಜಾಬಿನಲ್ಲಿ ಈ ವೈಭವಕ್ಕೆ ಬೇಕಾದ ನೀರನ್ನು ರಾವೀ ನದಿ ಬೆಟ್ಟದಿಂದ ಕೆಳಗಿಳಿಯುವ ಎಡೆಯಿಂದ, ಇಂದಿನ ಮಾಧೋಪುರದ ಬಳಿಯಿಂದ, ಸುಮಾರು 160 ಕಿಲೋಮೀಟರ್ ದೂರ ಕಾಲುವೆಯಲ್ಲಿ ತಂದರು. ಕಂದಾಹಾರದಿಂದ ಮೊಗಲರ ಪಕ್ಷಕ್ಕೆ ಬಂದ ಅಲೀ ಮರ್ದಾನ್ ಖಾನನು ಕಾಲುವೆಯ ಯೋಜನೆಯನ್ನು ಮುಂದಿಟ್ಟವನು. ಅದರ ನೀರು ಸಾಕಷ್ಟು ಬಾರದೆ ಹೋದಾಗ ಮುಲ್ಲಾ ಅಲಾವುಲ್ ಮುಲ್ಕನೆಂಬ ವಿದ್ವಾಂಸನು ಅದನ್ನು ಸರಿಪಡಿಸಿದನು. ಉದ್ಯಾನದೊಳಗಿನ ಹದಿನೈದು ಅಡಿಗಳ ಚೆಲುವಾದ ಇಳಿತಕ್ಕಾಗಿ ಉದ್ಯಾನದ ಹೊರಗೆ ನೂರು ಮೈಲಿಗಳ ಕಾಣದ ಇಳಿತವನ್ನು ಕಾಪಾಡಬೇಕಾಗಿತ್ತೆಂಬುದನ್ನು ನೆನಪಿಡಬೇಕು.

ದೆಹಲಿಯಲ್ಲಿ ನಡೆದುದೂ ಇದೇ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಯಮುನೆಯಿಂದ ತೋಡಿಸಿದ ಕಾಲುವೆಯನ್ನು ಷಾಜಹಾನನ ಕಾಲದಲ್ಲಿ ದುರಸ್ತಿಗೊಳಿಸಿ ಹೊಸ ನಗರಕ್ಕೆ ತಂದರು. ಅದರ ಒಂದು ಕವಲು ಚಾಂದನೀ ಚೌಕದ ನಡುವೆ ಹರಿದು, ರಾಜಕುಮಾರಿ ಜಹಾನಾರಾಳ ಯೋಜನೆಯ ಕೊಳವನ್ನು ತುಂಬುತ್ತಿತ್ತು. ಇನ್ನೊಂದು ಕೆಂಪುಕೋಟೆಯ ಷಾಬುರ್ಜಿನ ಬಳಿ ಚಾದರಿನಿಂದ ಇಳಿದು, ಅಮೃತಶಿಲೆಯ ಕಾಲುವೆಯಾಗಿ ಅರಮನೆಗಳ ನಡುಮನೆಯಲ್ಲೇ ಹರಿದು, ರಂಗಮಹಲಿನ ಕಮಲಾಕಾರದ ಕೊಳವನ್ನು ಸೇರುತ್ತಿತ್ತು. ಅದಕ್ಕೆ ‘ನಹರ್-ಇ-ಬಿಹಿಷ್ತ್’, ಎಂದರೆ ಸ್ವರ್ಗದ ಕಾಲುವೆ, ಎಂಬ ಹೆಸರು. ಪಕ್ಕದ ಹಯಾತ್ ಬಕ್ಷ್ ಉದ್ಯಾನದ ಎರಡು ತುದಿಗಳಲ್ಲಿ ಶ್ರಾವಣ, ಭಾದ್ರಪದಗಳೆಂಬ ಮಳೆಗಾಲದ ತಿಂಗಳುಗಳ ಹೆಸರಿನ ಮಂಟಪಗಳಿದ್ದು, ಅವುಗಳಿಂದ ಹೊರಟ ಕಾಲುವೆಗಳು ನಡುವಿನ ದೊಡ್ಡ ಕೊಳವನ್ನು ಸೇರುತ್ತಿದ್ದುವು.

ಈ ಸ್ವರ್ಗದ ಕಾಲುವೆ ಬತ್ತಿದ ಬಗೆಯನ್ನು ನೋಡಿದರೆ ಸಾಮ್ರಾಜ್ಯದ ಅವನತಿಯ ಕ್ರಮವೇ ಕಣ್ಣಿಗೆ ಕಟ್ಟುತ್ತದೆ. ಕೋಟೆಯ ಗೋಡೆಗಳು ಬೀಳುವ ಮೊದಲೇ ನೀರು ನಿಂತಿತು. 18ನೆಯ ಶತಮಾನದಲ್ಲಿ ದೂರದ ಕಾಲುವೆಯ ಹೂಳೆತ್ತಿಸುವ ಶಕ್ತಿ ಸಿಂಹಾಸನಕ್ಕೆ ಉಳಿಯಲಿಲ್ಲ. 1820ರಲ್ಲಿ ಬ್ರಿಟಿಷರು ಕಾಲುವೆಯನ್ನು ಮತ್ತೆ ತೆರೆದರು. 1842ರ ಸುಮಾರಿಗೆ ಕೊನೆಯ ಬಾದಷಹ ಬಹಾದ್ದೂರ್ ಷಾ ಹಯಾತ್ ಬಕ್ಷ್ ಕೊಳದ ನಡುವೆ ಜಫರ್ ಮಹಲನ್ನು ಕಟ್ಟಿಸಿದನು. 1857ರ ತರುವಾಯ ಕೋಟೆಯ ಬಹುಭಾಗವನ್ನು ಕೆಡವಿ ಸೈನಿಕರ ಬಿಡಾರಗಳನ್ನು ಕಟ್ಟಿದರು. ಚಾಂದನೀ ಚೌಕದ ಕೊಳವೂ ಮಾಯವಾಗಿ ಅಲ್ಲಿ ಗಡಿಯಾರದ ಗೋಪುರ ಎದ್ದಿತು. 20ನೆಯ ಶತಮಾನದ ನಡುವೆ ಆ ಗೋಪುರವೂ ಹೋಯಿತು. ಇಂದು ಕೆಂಪುಕೋಟೆಯನ್ನು ನೋಡಬಂದವರು ಅಮೃತಶಿಲೆಯ ಒಣ ತೋಡನ್ನು ಕಂಡು, ಅದು ಏನೆಂದು ಕೇಳಿ ತಿಳಿಯಬೇಕಾಗುತ್ತದೆ.

ಲಾಹೋರಿನಲ್ಲಿ ಇನ್ನೂ ಸಮೀಪದ ಕಾಲದಲ್ಲಿ ಇಂಥದೇ ಆಘಾತ ಒದಗಿತು. 1981ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಉದ್ಯಾನದ ಹೊರಗೋಡೆಯ ಆಚೆ ನೀರನ್ನು ಸಂಗ್ರಹಿಸಿ ಒಳಕ್ಕೆ ಕೊಡುತ್ತಿದ್ದ ಹಳೆಯ ತೊಟ್ಟಿಗಳಿದ್ದುವು. 1999ರಲ್ಲಿ ಹೆದ್ದಾರಿಯನ್ನು ಅಗಲಮಾಡುವಾಗ ಅವುಗಳಲ್ಲಿ ಎರಡನ್ನು ಕೆಡವಿದರು. ಮರುವರ್ಷವೇ ಉದ್ಯಾನವು ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಸೇರಿ, 2012ರವರೆಗೂ ಅದರಲ್ಲಿಯೇ ಉಳಿಯಿತು. ಒಳಗಿನ ಕೊಳ ಮಂಟಪಗಳನ್ನು ಮಾತ್ರ ಸ್ಮಾರಕವೆಂದು ಭಾವಿಸಿ, ಹೊರಗಿನ ತೊಟ್ಟಿಯನ್ನು ಹಳೆಯ ಇಟ್ಟಿಗೆಯ ರಾಶಿಯೆಂದು ಬಗೆದರೆ ಆಗುವ ಅನಾಹುತಕ್ಕೆ ಇದು ಉದಾಹರಣೆ.

ಇದಕ್ಕೆ ಪ್ರತಿಯಾದ ನಿದರ್ಶನ ಹುಮಾಯೂನನ ಸಮಾಧಿಯದು. ಅದರ ಕಾಲುವೆಗಳೂ ಹಾಳಾಗಿದ್ದುವು. 1947ರ ದೇಶವಿಭಜನೆಯ ದಿನಗಳಲ್ಲಿ ಆ ಉದ್ಯಾನವು ಮನೆಮಠಗಳನ್ನು ಕಳೆದುಕೊಂಡವರ ಬಿಡಾರವಾಗಿತ್ತು. ಅಂಥ ವಿಪತ್ತಿನಲ್ಲಿ ಕಾಲುವೆಯ ಕಲ್ಲುಗಳ ಯೋಗಕ್ಷೇಮವನ್ನು ಯಾರೂ ಕೇಳಲಾಗುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. 1997ರಿಂದ 2003ರವರೆಗೆ ಆಗಾ ಖಾನ್ ಸಂಸ್ಥೆ ಭಾರತೀಯ ಪುರಾತತ್ತ್ವ ಇಲಾಖೆಯೊಡನೆ ಕೂಡಿ ನಡೆಸಿದ ಜೀರ್ಣೋದ್ಧಾರದಲ್ಲಿ ಕಾಲುವೆಗಳ ಇಳಿಜಾರನ್ನು ಮೇಲೆ ಹೇಳಿದ ಪ್ರಮಾಣಕ್ಕೆ ತಂದುದಲ್ಲದೆ, ಹಳೆಯ ಬಾವಿಗಳ ಹೂಳೆತ್ತಿ, ಮಳೆಯ ನೀರನ್ನು ನೆಲಕ್ಕೆ ಇಂಗಿಸಲು 128 ಗುಂಡಿಗಳನ್ನು ಮಾಡಿದರು. ಕಾಲುವೆಯ ಜೊತೆಗೆ ಅದರ ಮೂಲವನ್ನೂ ಉದ್ಧರಿಸಿದುದರಿಂದಲೇ ಆ ಕೆಲಸಕ್ಕೆ ಅರ್ಥ ಬಂತು.

ಈ ಪರಂಪರೆಯ ಒಂದು ಕುಡಿ ಕನ್ನಡ ನಾಡಿನಲ್ಲಿಯೂ ಚಿಗುರಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಕೃಷ್ಣರಾಜಸಾಗರದ ಕಟ್ಟೆಯ ಕೆಳಗೆ 1927ರಿಂದ 1932ರವರೆಗೆ ನಿರ್ಮಿಸಿದ ಬೃಂದಾವನಕ್ಕೆ ಕಾಶ್ಮೀರದ ಶಾಲಿಮಾರೇ ಸ್ಫೂರ್ತಿಯೆಂಬುದು ಸುವಿದಿತ. ಅದರ ವಿನ್ಯಾಸದಲ್ಲಿ ಲಾಲ್‌ಬಾಗಿನ ಕೃಂಬೀಗಲರ ಕೈಯಿತ್ತು. ಬಾಬರನು ಎತ್ತುಗಳಿಂದಲೂ ಷಾಜಹಾನನು ನೂರು ಮೈಲಿಯ ಕಾಲುವೆಯಿಂದಲೂ ಗಳಿಸಿದ ಎತ್ತರವನ್ನು ಇಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತ ಕಟ್ಟೆಯೇ ಒದಗಿಸಿತು. ಅಂತಸ್ತಿನಿಂದ ಅಂತಸ್ತಿಗೆ ಇಳಿಯುವ ಕಾಲುವೆಗಳೂ ಕಾರಂಜಿಗಳೂ ಆ ಎತ್ತರದ ಫಲ. ಆದರೆ ಆ ಜಲಾಶಯದ ನೀರಿನ ಮೇಲೆ ಮೊದಲ ಹಕ್ಕು ಗದ್ದೆಗಳದು, ಊರುಗಳ ಬಾಯಾರಿಕೆಯದು. ಉದ್ಯಾನದ ಸೊಗಸು ಆ ಹಕ್ಕುಗಳ ಋಣದಲ್ಲಿ ಬಾಳುತ್ತದೆ. ಶಾಲಿಮಾರಿಗೂ ನಿಶಾತಿಗೂ ಒಂದೇ ತೊರೆಯಾಗಿದ್ದಂತೆ ಇಲ್ಲಿಯೂ ನೀರು ಹಂಚಿಕೆಯ ವಸ್ತುವೇ.

ಒಟ್ಟಿನಲ್ಲಿ, ಎರಡು ಕೊಳಗಳ ನಡುವೆ ಮಂದವಾಗಿ ಹರಿಯುವ ತೊರೆಯನ್ನು ಮಾಡುವುದು ಒಂದು ಸಲದ ವೆಚ್ಚ. ಅದು ನಾಳೆಯೂ ಹರಿಯುವಂತೆ ನೋಡಿಕೊಳ್ಳುವುದು ಪ್ರತಿದಿನದ ವೆಚ್ಚ. ಅರಸರ ಚರಿತ್ರೆಗಳು ಮೊದಲನೆಯದನ್ನು ಬರೆದಿಟ್ಟಷ್ಟು ಎರಡನೆಯದನ್ನು ಬರೆದಿಟ್ಟಿಲ್ಲ. ಉದ್ಯಾನ ಮಾಡಿಸಿದವರ ಹೆಸರುಗಳು ಉಳಿದಿವೆ. ಕಪಿಲೆ ಹೊಡೆದವರ, ಹೂಳೆತ್ತಿದವರ, ತೂಬು ಕಾದವರ ಹೆಸರುಗಳು ಉಳಿದಿಲ್ಲ. ನಿಶಾತಿನ ಕಥೆಯಲ್ಲಿಯೂ ನೀರು ಬಿಟ್ಟವನು ‘ಒಬ್ಬ ಸೇವಕ’ನಷ್ಟೆ. ನಮ್ಮ ಹಳ್ಳಿಗಳು ಆ ಕೆಲಸದವನನ್ನು ನೀರುಗಂಟಿಯೆಂದು ಕರೆದು ಅವನಿಗೆ ಬೆಳೆಯಲ್ಲಿ ಪಾಲು ಕೊಟ್ಟುವು. ಹಳೆಯ ಉದ್ಯಾನಗಳನ್ನು ಮತ್ತೆ ಹಸನುಮಾಡಲು ಹೊರಟವರು ಮಂಟಪಕ್ಕೆ ಬಣ್ಣ ಬಳಿಯುವ ಮೊದಲು ನೀರಿನ ಮೂಲವನ್ನೂ ನೀರುಗಂಟಿಯ ಸಂಬಳವನ್ನೂ ಗೊತ್ತುಮಾಡಿಕೊಂಡರೆ ಆ ಕಾಲುವೆಗಳಲ್ಲಿ ನೀರು ನಿಲ್ಲದೆ ನಡೆದೀತು.